ಟನ್ನಿಗೆ ಎಷ್ಟು ಗ್ರಾಂ?



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಪ್ರಾಥಮಿಕ ಶಾಲೆಯ ಒಬ್ಬ ಮೇಷ್ಟ್ರು. ಉಪನ್ಯಾಸ ಮಕ್ಕಳ ಕಲಿಕೆಗೆ ಸಂಬಂಧಪಟ್ಟಿರಬೇಕು ಎಂಬುದಷ್ಟೇ ಅವರ ಷರತ್ತು. ಸಂಘಟಕರು ಫೋನ್ ಮಾಡಿ, ‘ಟಿವಿಯಲ್ಲಿ ಬರೋ ಜ್ಞಾನದ ಕಾರ್ಯಕ್ರಮಗಳ ಗುಣಮಟ್ಟ ಕುಸಿದಿದೆಯೇ ಅನ್ನೋದರ ಮೇಲೆ ಮಾತಾಡಿ ಸಾರ್’ ಎಂದರು. ಯಾವ ಕಾರ್ಯಕ್ರಮ ಎಂದು ಕೇಳಿದೆ. ‘ಅದೇ ಸಾರ್, ಥಟ್ ಅಂತ ಹೇಳಿ. ಈಗ ಮೊದಲಿನ ಹಾಗಿಲ್ಲ ಅಂತಾರಲ್ಲ.’ ನೀವು ಈಚೆಗೆ ಯಾವಾಗ ನೋಡಿದಿರಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆ ಮೌನವೇ ನನಗೆ ಈ ಉಪನ್ಯಾಸವನ್ನು ಒಪ್ಪಿಕೊಳ್ಳುವಂತೆ ಮಾಡಿತು.

ಗುಣಮಟ್ಟ ಎಂಬ ಮಾತು ಕೋಲಾರ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್‌ನಲ್ಲಿ ಬೆಳೆದವನ ಕಿವಿಗೆ ಬೇರೆ ಥರ ಬೀಳುತ್ತದೆ. ಇಲ್ಲಿ ಅದನ್ನು ಗ್ರೇಡ್ ಅನ್ನುತ್ತಿದ್ದರು. ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಚಿನ್ನ, ಅಷ್ಟೇ ಲೆಕ್ಕ. ನಮ್ಮ ತಂದೆ ಅಸ್ಸೇ ಆಫೀಸಿನಲ್ಲಿ ಕೆಲಸಕ್ಕಿದ್ದರು. ಕೆಳಗಿನಿಂದ ಬಂದ ಕಲ್ಲಿನ ಮಾದರಿಯನ್ನು ಪುಡಿ ಮಾಡಿ, ಸೀಸದ ಪುಡಿಯ ಜೊತೆ ಕುಲುಮೆಯಲ್ಲಿ ಕರಗಿಸಬೇಕು. ಆ ಸೀಸದ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸವನ್ನೆಲ್ಲ ಬಟ್ಟಲೇ ಕುಡಿದುಬಿಡುತ್ತದೆ; ಸಾಸಿವೆಗಿಂತ ಸಣ್ಣ ಮಣಿಯೊಂದು ಉಳಿಯುತ್ತದೆ. ಆಮ್ಲದಲ್ಲಿ ಬೆಳ್ಳಿಯನ್ನು ಕಳೆದು, ಉಳಿದದ್ದನ್ನು ತಕ್ಕಡಿಗಿಡಬೇಕು. ಅಲ್ಲಿಯವರೆಗೆ ಈ ಕಲ್ಲು ಒಳ್ಳೆಯದು, ಆ ಕಲ್ಲು ಕೆಟ್ಟದ್ದು ಎಂದು ಯಾರೂ ಬಾಯಿ ಬಿಡುವಂತಿಲ್ಲ. ಮಿನುಗುವ ಕಲ್ಲನ್ನು ತಂದು ತೋರಿಸಿದರೆ ತಂದೆ ನಗುತ್ತಿದ್ದರು. ಮಿನುಗುವುದು ಬಹುಪಾಲು ಪೈರೈಟ್. ಚಿನ್ನ ಅಷ್ಟು ಆಡಂಬರ ಮಾಡುವುದಿಲ್ಲ.

ನಮ್ಮ ಗಣಿಗಳ ಗ್ರೇಡ್ ಇಳಿಯಿತು ಎಂದು ಹೇಳುವವರ ಕೈಯಲ್ಲಿ ತಕ್ಕಡಿ ಇತ್ತು. ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಮೊದಲ ದಶಕಗಳಲ್ಲಿ ಟನ್ನಿಗೆ ನಲವತ್ತು ಗ್ರಾಂ ದಾಟಿದ್ದು, ಕೊನೆಗಾಲಕ್ಕೆ ಕೆಲವೇ ಗ್ರಾಮಿಗೆ ಬಂದಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಕುದಿಯುವ ಬಂಡೆ, ಸಿಡಿಯುವ ಬಂಡೆ, ಏರುವ ಖರ್ಚು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆದರೆ ಟಿವಿ ಕಾರ್ಯಕ್ರಮ ಕುಸಿದಿದೆ ಎನ್ನುವ ನಾವು ಯಾವ ಮಾದರಿಯನ್ನು ತೂಗಿದ್ದೇವೆ?

ಗಣಿ ಮುಚ್ಚಿದ ಹತ್ತೇ ತಿಂಗಳಿಗೆ, 2002ರ ಜನವರಿಯಲ್ಲಿ, ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ‘ಥಟ್ ಅಂತ ಹೇಳಿ’ ಶುರುವಾಯಿತು. ಎರಡಕ್ಕೂ ಸಂಬಂಧವಿಲ್ಲ, ನಿಜ. ನಮ್ಮ ಮನೆಗಳಲ್ಲಿ ಮಾತ್ರ ಸಂಬಂಧ ಬಂದುಬಿಟ್ಟಿತು. ಅಲ್ಲಿಯವರೆಗೆ ಸೈರನ್ ಕೂಗಿಗೆ ಏಳುತ್ತಿದ್ದ ಊರು ರೈಲಿನ ವೇಳೆಗೆ ಏಳಲು ಕಲಿತದ್ದು ಆ ವರ್ಷಗಳಲ್ಲೇ. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಯಲ್ಲಿ ಕತ್ತಲಲ್ಲೇ ಹತ್ತಿ, ಕತ್ತಲಾದ ಮೇಲೆ ಇಳಿಯುವ ಅಪ್ಪಂದಿರು. ಅವರು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಡಾ. ನಾ. ಸೋಮೇಶ್ವರ ಮೂವರು ಸ್ಪರ್ಧಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಅಪ್ಪನೂ ಮಗಳೂ ಇಡೀ ದಿನದಲ್ಲಿ ಒಟ್ಟಿಗೆ ಕೂರುತ್ತಿದ್ದ ಅರ್ಧ ಗಂಟೆ ಅದು. ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ತಮಿಳು ಮಾತಾಡುವ ಎಷ್ಟೋ ಮಕ್ಕಳಿಗೆ, ಶಾಲೆಯ ಹೊರಗೆ, ಬೈಯದೆ, ಪರೀಕ್ಷೆಗೆ ಹೆದರಿಸದೆ ಕನ್ನಡ ಕೇಳಿಸಿದ ಜಾಗವೂ ಅದೇ. ಬೇರೆ ಕಡೆ ಕೋಟಿ ರೂಪಾಯಿ ಗೆಲ್ಲುವ ರಸಪ್ರಶ್ನೆಗಳು ನಡೆಯುತ್ತಿದ್ದ ಕಾಲದಲ್ಲಿ ಇಲ್ಲಿ ಸರಿಯುತ್ತರಕ್ಕೆ ಸಿಗುತ್ತಿದ್ದದ್ದು ಒಂದು ಪುಸ್ತಕ. ಆಗ ಅದನ್ನು ಕಂಡು ನಕ್ಕವರಿದ್ದರು. ಆ ಕೋಟಿಗಳು ಯಾರಿಗೆ ಹೋದವೋ ಯಾರಿಗೂ ನೆನಪಿಲ್ಲ. ಪುಸ್ತಕ ಕೊಡುವ ಕಾರ್ಯಕ್ರಮ ಮೂರು ಸಾವಿರ ಕಂತುಗಳನ್ನು ದಾಟಿ ಬಂತು.

ಇಲ್ಲೊಂದು ಸತ್ಯವನ್ನು ನಾವು ಒಪ್ಪಿಕೊಳ್ಳಬೇಕು. ‘ಥಟ್ ಅಂತ ಹೇಳಿ’ ಮಕ್ಕಳಿಗಾಗಿ ಮಾಡಿದ ಕಾರ್ಯಕ್ರಮವೇ ಅಲ್ಲ. ಅದು ಓದುವ ದೊಡ್ಡವರ ರಸಪ್ರಶ್ನೆ. ಮಕ್ಕಳನ್ನು ಅದರ ಮುಂದೆ ಕೂರಿಸಿದವರು ನಾವು, ಏಕೆಂದರೆ ಕೂರಿಸಲು ಬೇರೆ ಜಾಗವಿರಲಿಲ್ಲ. 2009ರಲ್ಲಿ ಚಿಂಟು ಟಿವಿ ಬಂತು, ಕನ್ನಡಕ್ಕೆ ಡಬ್ ಆದ ಕಾರ್ಟೂನುಗಳು ಬಂದವು. ಮಕ್ಕಳು ನಕ್ಕರು, ಅದೂ ಬೇಕು. ಖಾಸಗಿ ವಾಹಿನಿಗಳು ‘ಲಿಟಲ್ ಚಾಂಪ್ಸ್’ ತಂದವು, 2016ರಲ್ಲಿ ‘ಡ್ರಾಮಾ ಜೂನಿಯರ್ಸ್’ ಬಂತು. ಅಲ್ಲಿ ಹಾಡಿದ, ಅಭಿನಯಿಸಿದ ಮಕ್ಕಳ ಪ್ರತಿಭೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಕ್ಕಳ ಕಾರ್ಯಕ್ರಮ ಎಂದರೆ ಮಕ್ಕಳು ನೋಡುವುದೋ, ಮಕ್ಕಳನ್ನು ನೋಡುವುದೋ? ಎರಡನೆಯದನ್ನು ನಾವು ಬೇಕಾದಷ್ಟು ಮಾಡಿದ್ದೇವೆ. ಮೊದಲನೆಯದರಲ್ಲಿ, ಕಲಿಸುವಂಥದ್ದು, ಕನ್ನಡದಲ್ಲೇ ಹುಟ್ಟಿದ್ದು, ಇಪ್ಪತ್ತು ವರ್ಷ ಬಾಳಿದ್ದು ಯಾವುದಿದೆ ಹೇಳಿ. ಥಟ್ ಅಂತ ಬೇಡ, ನಿಧಾನವಾಗಿಯೇ ಹೇಳಿ.

ಶುರು ಮಾಡಿರಲಿಲ್ಲ ಎಂದಲ್ಲ. 1975ರ ಆಗಸ್ಟ್ 1ರಿಂದ ಸರಿಯಾಗಿ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ಸೈಟ್ ಎಂದು ಅದರ ಹೆಸರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ಕ್ಕೆ. ಅದಕ್ಕಿಂತ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯ ಹುಡುಗ ಬೆಳಗ್ಗೆ ಶಾಲೆಯಲ್ಲಿ ಇಪ್ಪತ್ತೆರಡೂವರೆ ನಿಮಿಷ ವಿಜ್ಞಾನದ ಕಾರ್ಯಕ್ರಮ ನೋಡುತ್ತಿದ್ದ. ವರ್ಷ ಮುಗಿಯಿತು, ಉಪಗ್ರಹವನ್ನು ವಾಪಸು ಕರೆಸಿಕೊಂಡರು. ಒಂದೇ ವರ್ಷ ಬದುಕಿದ ಆ ಕಾರ್ಯಕ್ರಮಕ್ಕೆ ‘ಮೊದಲಿನ ಹಾಗಿಲ್ಲ’ ಅನ್ನಿಸಿಕೊಳ್ಳುವ ಭಾಗ್ಯವೂ ಬರಲಿಲ್ಲ. ಬಾಳಿದ್ದಕ್ಕೆ ಮಾತ್ರ ಆ ಮಾತು ಬರುತ್ತದೆ.

ಸೈಟ್‌ನ ಮುಂದಾಳಾಗಿದ್ದವರು ಪ್ರೊ. ಯಶ್‌ಪಾಲ್. ಮುಂದೆ 1990ರ ದಶಕದ ಆರಂಭದಲ್ಲಿ ಗಿರೀಶ ಕಾರ್ನಾಡರು ನಡೆಸಿಕೊಡುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಟಿವಿ ಕಾರ್ಯಕ್ರಮದಲ್ಲಿ ಜನ ಕಳಿಸಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರಲ್ಲ, ಆ ಬಿಳಿ ಕೂದಲಿನ ಅಜ್ಜ. ಯಾರೋ ಕೇಳಿದ ಸಣ್ಣ ಪ್ರಶ್ನೆಗೂ ಸ್ವಲ್ಪ ತಡೆದು, ಯೋಚಿಸಿ, ಮಾತು ಶುರು ಮಾಡುವರು. ಅವರು ಮೂಲದಲ್ಲಿ ಕಾಸ್ಮಿಕ್ ಕಿರಣಗಳ ವಿಜ್ಞಾನಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಅದೇ ಸಂಸ್ಥೆಯ ಉಪಕರಣಗಳು ನಮ್ಮ ಕಾಲಡಿಯಲ್ಲಿ, ಚಾಂಪಿಯನ್ ರೀಫ್ ಗಣಿಯೊಳಗೆ ಇದ್ದವು. ಆ ಕಥೆಗೆ ಆಮೇಲೆ ಬರುತ್ತೇನೆ.

ಹೊರಗಿನ ಒಂದು ಉದಾಹರಣೆ ಸಾಕು. 1969ರ ನವೆಂಬರ್ 10ರಂದು ಅಮೆರಿಕದಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ ಇಂದಿಗೂ ನಡೆಯುತ್ತಿದೆ. 2006ರಲ್ಲಿ ಹಿಂದಿಯಲ್ಲಿ ಬಂದ ‘ಗಲಿ ಗಲಿ ಸಿಮ್ ಸಿಮ್’ ಅದರ ಭಾರತೀಯ ತಂಗಿ. ‘ಮೊದಲಿನ ಹಾಗಿಲ್ಲ’ ಎಂಬ ದೂರು ಅಲ್ಲೂ ಹಳೆಯದೇ. ಎಲ್ಮೋ ಎಂಬ ಕೆಂಪು ಗೊಂಬೆಗೆ 1998ರಿಂದ ಪ್ರತ್ಯೇಕ ಭಾಗ ಕೊಟ್ಟದ್ದಕ್ಕೆ ಮುನಿಸಿಕೊಂಡ ತಂದೆ ತಾಯಂದಿರಿದ್ದಾರೆ. 2016ರಿಂದ ಹೊಸ ಕಂತುಗಳು ದುಡ್ಡು ಕೊಟ್ಟು ನೋಡುವ ಎಚ್‌ಬಿಒ ವಾಹಿನಿಗೆ ಮೊದಲು ಹೋಗಿ, ಒಂಬತ್ತು ತಿಂಗಳ ನಂತರ ಎಲ್ಲರೂ ಬಿಟ್ಟಿಯಾಗಿ ನೋಡುವ ವಾಹಿನಿಗೆ ಬರತೊಡಗಿದವು. ಒಂದು ಗಂಟೆಯದು ಅರ್ಧ ಗಂಟೆಯಾಯಿತು. ಬಡ ಮಕ್ಕಳಿಗೆಂದೇ ಹುಟ್ಟಿದ್ದು ಉಳ್ಳವರ ಮನೆಗೆ ಮೊದಲು ಹೋದದ್ದು ಗೊಂಬೆಯ ಬಣ್ಣಕ್ಕಿಂತ ದೊಡ್ಡ ವಿಷಯ. ಆದರೆ ನನಗೆ ಆ ಕಾರ್ಯಕ್ರಮದಲ್ಲಿ ಇಷ್ಟವಾದದ್ದು ಅವರು ಇಟ್ಟುಕೊಂಡಿದ್ದ ತಕ್ಕಡಿ. ಎಡ್ವರ್ಡ್ ಪಾಮರ್ ಎಂಬ ಸಂಶೋಧಕರು ಮಗುವನ್ನು ಟಿವಿ ಮುಂದೆ ಕೂರಿಸಿ, ಪಕ್ಕದ ಗೋಡೆಯ ಮೇಲೆ ಏಳೂವರೆ ಸೆಕೆಂಡಿಗೊಂದು ಸ್ಲೈಡ್ ಬದಲಾಯಿಸುತ್ತ ಹೋಗುವರು. ಮಗುವಿನ ಕಣ್ಣು ಯಾವಾಗ ಟಿವಿ ಬಿಟ್ಟು ಗೋಡೆಗೆ ಹೋಯಿತು ಎಂದು ಬರೆದುಕೊಳ್ಳುವುದೇ ಕೆಲಸ. ಮನುಷ್ಯರು ಮಾತ್ರ ಇದ್ದ ಬೀದಿಯ ದೃಶ್ಯಗಳಲ್ಲಿ ಕಣ್ಣು ಗೋಡೆಗೆ ಹೋಗುತ್ತದೆ ಎಂದು ಗೊತ್ತಾದ ಮೇಲೆ, ಪ್ರಸಾರಕ್ಕೆ ಮೊದಲೇ ಗೊಂಬೆಗಳನ್ನು ಬೀದಿಗೆ ಇಳಿಸಿದರು. ಆ ಕಾರ್ಯಕ್ರಮದ ದೊಡ್ಡ ಹಳದಿ ಹಕ್ಕಿ ಹುಟ್ಟಿದ್ದು ಹಾಗೆ.

ನಾನೂ ಒಂದು ಅಸ್ಸೇ ಮಾಡಿದೆ. ಹೋದ ಬೇಸಿಗೆ ರಜೆಯಲ್ಲಿ, ಬಂಗಾರಪೇಟೆಯ ನನ್ನ ಮಗಳ ಮನೆಯಲ್ಲಿ. ಮೊಮ್ಮಗ, ಅವನ ಗೆಳೆಯರು, ಕೆ.ಜಿ.ಎಫ್‌ನ ಆಂಡರ್ಸನ್‌ಪೇಟೆಯಿಂದ ಅಜ್ಜಿ ಮನೆಗೆ ಬಂದಿದ್ದ ಒಬ್ಬಳು ಹುಡುಗಿ, ಒಟ್ಟು ಆರು ಮಕ್ಕಳು. ‘ಥಟ್ ಅಂತ ಹೇಳಿ’ಯ ಹತ್ತು ವರ್ಷ ಹಳೆಯ ಮೂರು ಕಂತು, ಈಚಿನ ಮೂರು ಕಂತು ಯೂಟ್ಯೂಬಿನಲ್ಲಿ ಸಿಕ್ಕವು. ಸಂಜೆಗೊಂದರಂತೆ ತೋರಿಸಿದೆ, ಯಾವುದು ಹಳೆಯದು ಎಂದು ಹೇಳದೆ. ಪಾಮರ್ ಅವರ ಸ್ಲೈಡಿನ ಬದಲು ನನಗೆ ಕಿಟಕಿಯಾಚೆ ಪಾನಿಪುರಿ ಗಾಡಿ ಇತ್ತು. ನಮ್ಮ ಬಂಗಾರಪೇಟೆ ಪಾನಿಪುರಿಯ ನೀರು ಬೇರೆ ಊರಿನ ಹಾಗೆ ಹಸಿರಲ್ಲ, ನೋಡಲು ಬರೀ ತಿಳಿನೀರು, ಬಾಯಿಗಿಟ್ಟರೆ ನೆತ್ತಿಗೇರುತ್ತದೆ. ಇದಕ್ಕಿಂತ ಕಠಿಣ ಪರೀಕ್ಷೆಯನ್ನು ಯಾವ ಅಮೆರಿಕದವನೂ ಒಡ್ಡಲಾರ.

ಇದನ್ನು ಸಂಶೋಧನೆ ಅನ್ನಬೇಡಿ. ಆರು ಮಕ್ಕಳು, ಆರು ಸಂಜೆ, ಒಬ್ಬ ಮುದುಕ. ಆದರೂ ಕಂಡದ್ದನ್ನು ಹೇಳುತ್ತೇನೆ.

ಹಳೆಯ ಕಂತು ಯಾವುದು, ಹೊಸದು ಯಾವುದು ಎಂದು ಒಂದು ಮಗುವಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು, ಹಾಗಾಗಿ ಹಳೆಯದು ಬಂದಾಗ ನನಗೆ ಹೆಚ್ಚು ಇಷ್ಟವಾಯಿತು. ಇದನ್ನು ನನ್ನ ವಿರುದ್ಧದ ಸಾಕ್ಷಿಯಾಗಿ ಬರೆದುಕೊಂಡಿದ್ದೇನೆ.

ಪ್ರಶ್ನೆ ಕೇಳುವಾಗ ಕಣ್ಣು ಬೇಗ ಕಿಟಕಿಗೆ ಹೋಗುತ್ತಿತ್ತು. ಹಳಗನ್ನಡದ ಕವಿಯ ಬಗ್ಗೆ, ರಾಜಮನೆತನದ ಬಗ್ಗೆ ಪ್ರಶ್ನೆ ಬಂದರೆ, ತಮಗೆ ಗೊತ್ತಿರುವ ಸಂಭವವೇ ಇಲ್ಲ ಎಂದು ತೀರ್ಮಾನಿಸಿದ ಮಗು ಅಲ್ಲೇ ಕೈ ಬಿಡುತ್ತದೆ. ಮನೆಯಲ್ಲಿ ಕನ್ನಡ ಪುಸ್ತಕದ ಬೀರು ಇರುವ ಮಗುವಿಗೆ ಈ ಕಾರ್ಯಕ್ರಮ ಅರ್ಧ ದಾರಿ ಮುಂದಿನಿಂದ ಶುರುವಾಗುತ್ತದೆ. ಲೈನ್ ಮನೆಯ ಮಗು ಮೊದಲ ಮೆಟ್ಟಿಲನ್ನೇ ಹುಡುಕಬೇಕು. ಇದು 2002ರಲ್ಲೂ ಹೀಗೇ ಇದ್ದಿರಬೇಕು. ಆಗ ನಾವು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದೆವು, ಅದನ್ನೂ ಕಾರ್ಯಕ್ರಮದ ಖಾತೆಗೇ ಜಮಾ ಮಾಡಿಕೊಂಡೆವು.

ಇನ್ನೊಂದು. ಪ್ರಶ್ನೆ ಮುಗಿಯುವ ಮೊದಲೇ ನನ್ನ ಮೊಮ್ಮಗ ಅವನಮ್ಮನ ಫೋನನ್ನು ಬಾಯಿಗೆ ಹಿಡಿದು ಗೂಗಲನ್ನು ಕೇಳಿಬಿಟ್ಟ. ಪರದೆಯ ಮೇಲಿನ ಸ್ಪರ್ಧಿ ಇನ್ನೂ ಹಣೆ ಉಜ್ಜಿಕೊಳ್ಳುತ್ತಿದ್ದಾರೆ, ಇಲ್ಲಿ ಉತ್ತರ ಬಂದಾಗಿದೆ. ಆ ಕ್ಷಣ ನನಗೆ ಹೊಳೆದದ್ದು ಇದು: ಕಾರ್ಯಕ್ರಮದಲ್ಲಿ ಏನೂ ಕಳೆದಿಲ್ಲ, ‘ಥಟ್ ಅಂತ’ ಎಂಬ ಮಾತಿನ ಬೆಲೆ ಕಳೆದಿದೆ. 2002ರಲ್ಲಿ ನಾಲಿಗೆ ತುದಿಯಲ್ಲಿ ಉತ್ತರ ಇರುವುದು ಅಪರೂಪ; ಅದಕ್ಕೆ ಹಿಂದೆ ಓದು ಇದೆ ಎಂಬುದಕ್ಕೆ ಗುರುತು. ಇವತ್ತು ಥಟ್ ಅಂತ ಹೇಳುವುದಕ್ಕೆ ಮನುಷ್ಯ ಬೇಕಿಲ್ಲ. ನಮ್ಮದೇ ಜಿಲ್ಲೆಯ ಅಬ್ಬಣಿಯವರಾದ ಅ.ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ಹೆಣೆದವರು. ಪದಬಂಧದ ಮುಂದೆ ಕೂತವನು ಒಂದು ಚೌಕಕ್ಕೆ ಅರ್ಧ ಗಂಟೆ ತಲೆ ಕೆರೆದುಕೊಂಡರೂ ಗಂಟೆ ಬಾರಿಸುವವರಿಲ್ಲ. ಮಕ್ಕಳಿಗೆ ಈಗ ಆ ಸಾವಧಾನದ ಆಟ ಹೆಚ್ಚು ಬೇಕೇನೋ.

ಆದರೆ ಕಣ್ಣು ಪಾನಿಪುರಿ ಗಾಡಿಯನ್ನು ಬಿಟ್ಟು ವಾಪಸು ಬರುತ್ತಿದ್ದ ಎರಡು ಗಳಿಗೆಗಳಿದ್ದವು. ಉತ್ತರ ಬಂದ ಮೇಲೆ ಸೋಮೇಶ್ವರರು ಅದರ ಹಿಂದಿನದನ್ನು ಬಿಡಿಸಿ ಹೇಳುತ್ತಾರಲ್ಲ, ಅದೊಂದು. ಗೂಗಲ್ ಕೊಡದೆ ಬಿಟ್ಟದ್ದು ಅಲ್ಲಿತ್ತು. ಇನ್ನೊಂದು, ಬಹುಮಾನದ ಪುಸ್ತಕ ತೋರಿಸುವ ಹೊತ್ತು. ಆಂಡರ್ಸನ್‌ಪೇಟೆಯ ಹುಡುಗಿ, ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಏಳನೇ ಕ್ಲಾಸು, ಎದ್ದು ಬಂದು, ನಾನು ಕಂತು ತೋರಿಸುತ್ತಿದ್ದ ಫೋನಿನ ಮೇಲೆ ಬೆರಳಿಟ್ಟು ಚಿತ್ರ ನಿಲ್ಲಿಸಿದಳು. ‘ತಾತ, ಈ ಬುಕ್ ಹೆಸರು ಓದ್ಕೋತೀನಿ ಇರಿ.’ 2002ರ ಮಗುವಿಗೆ ಹಾಗೆ ನಿಲ್ಲಿಸಲು ಸಾಧ್ಯವಿರಲಿಲ್ಲ. ಹೆಸರು ಕಣ್ಣ ಮುಂದೆ ಹಾದು ಹೋದರೆ ಹೋಯಿತು. ಹೊಸ ಕಾಲ ನಮ್ಮಿಂದ ಕಿತ್ತುಕೊಂಡದ್ದನ್ನಷ್ಟೇ ಎಣಿಸುತ್ತೇವೆ, ಇದನ್ನೂ ಎಣಿಸಬೇಕು.

ಈಗ ಆ ಗಣಿಯ ಕಥೆ. 1965ರಲ್ಲಿ, ಆ ವರ್ಷಕ್ಕೆ ಮೊದಲು ಭೂಮಿಯ ಮೇಲೆ ಯಾರೂ ಕಂಡಿರದ ಒಂದನ್ನು ಚಾಂಪಿಯನ್ ರೀಫ್ ಗಣಿಯಲ್ಲಿ, 7,600 ಅಡಿ ಆಳದಲ್ಲಿ ಕಂಡರು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಕಣ. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಕಂಡಿತು. ಇಲ್ಲಿ ದುಡಿದವರು ಟಾಟಾ ಸಂಸ್ಥೆಯವರು, ಜಪಾನಿನ ಒಸಾಕದವರು, ಇಂಗ್ಲೆಂಡಿನ ಡರ್ಹಮ್‌ನವರು. ನೆಲದಾಳದಲ್ಲಿ ಕಾಸ್ಮಿಕ್ ಕಿರಣಗಳನ್ನು ಅಳೆಯುವ ಕೆಲಸವನ್ನು 1950ರ ದಶಕದಲ್ಲೇ ಇಲ್ಲಿ ಶುರು ಮಾಡಿದವರಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಒಬ್ಬರು.

ಇದನ್ನು ರಸಪ್ರಶ್ನೆ ಮಾಡಿ. ‘ವಾತಾವರಣದ ನ್ಯೂಟ್ರಿನೊಗಳನ್ನು 1965ರಲ್ಲಿ ಭಾರತದ ಯಾವ ಸ್ಥಳದಲ್ಲಿ ಪತ್ತೆ ಹಚ್ಚಿದರು?’ ಕೋಲಾರ ಚಿನ್ನದ ಗಣಿ. ಚಪ್ಪಾಳೆ, ಪುಸ್ತಕ, ಮುಂದಿನ ಪ್ರಶ್ನೆ. ಎರಡು ಸೆಕೆಂಡು. ಆದರೆ ಈ ಕಥೆ ಹೇಳಿದಾಗ ಆಂಡರ್ಸನ್‌ಪೇಟೆಯ ಆ ಹುಡುಗಿ ನನ್ನನ್ನು ಕೇಳಿದ್ದು ಬೇರೆ: ‘ಆಕಾಶದಿಂದ ಬರೋದನ್ನ ನೋಡೋಕೆ ಯಾಕೆ ತಾತ ನೆಲದೊಳಗೆ ಹೋದ್ರು? ಮೇಲೆ ಹೋಗ್ಬೇಕಲ್ವಾ?’ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಯಾರೂ ಕೇಳಿರದ ಪ್ರಶ್ನೆ. ಅವಳ ಪಕ್ಕ ಕೂತು ಹೇಳಿದೆ. ಆಕಾಶದಿಂದ ಬರುವುದು ಒಂದಲ್ಲ, ಬೇರೆ ಬೇರೆ ಕಣಗಳ ಮಳೆ. ಮೇಲೆಯೇ ನಿಂತರೆ ಆ ಗದ್ದಲದಲ್ಲಿ ನ್ಯೂಟ್ರಿನೊ ಸಿಗುವುದಿಲ್ಲ. ಎರಡು ಕಿಲೋಮೀಟರ್ ಬಂಡೆಯನ್ನು ಜರಡಿಯಂತೆ ಹಿಡಿದರೆ ಉಳಿದವೆಲ್ಲ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತವೆ. ನ್ಯೂಟ್ರಿನೊಗೆ ಬಂಡೆ ಲೆಕ್ಕಕ್ಕಿಲ್ಲ, ದಾಟಿ ಬರುತ್ತದೆ. ಕೋಟಿಗೊಂದು ಎಲ್ಲೋ ಬಂಡೆಗೆ ಡಿಕ್ಕಿ ಹೊಡೆದು ಮ್ಯೂಯಾನ್ ಎಂಬ ಇನ್ನೊಂದು ಕಣವನ್ನು ಎಬ್ಬಿಸುತ್ತದೆ. ಆ ಮ್ಯೂಯಾನ್ ಅಡ್ಡಡ್ಡ ಹಾದು ಹೋಗುವಾಗ ಹಿಡಿಯಬೇಕು. ಅದಕ್ಕೆ ತಿಂಗಳುಗಟ್ಟಲೆ ಕಾದರು, ಸಿಕ್ಕದ್ದು ಬೆರಳೆಣಿಕೆಯಷ್ಟು. ‘ಅಷ್ಟು ದಿನ ಸುಮ್ನೆ ಕೂತಿದ್ರಾ?’ ಎಂದಳು. ಹೂಂ, ಕೂತಿದ್ದರು. ಅವಳ ತಾತ ಆ ಗಣಿಯಲ್ಲಿ ಟಿಂಬರ್ ಕೆಲಸದವರು. ಅಲ್ಲಿ ಕೆಳಗೆ ವಿಜ್ಞಾನಿಗಳು ಏನು ಮಾಡುತ್ತಾರೆ ಎಂದು ಅವರ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ.

ಈ ಕಥೆಯನ್ನು ಹೇಳುವುದು ‘ಥಟ್ ಅಂತ ಹೇಳಿ’ಯ ಕೆಲಸವಲ್ಲ. ಆ ಅರ್ಧ ಗಂಟೆಯನ್ನು ಅದರ ಮೇಲೆ ಹೊರಿಸುವುದು ಅನ್ಯಾಯ. 2020ರಲ್ಲಿ ಶಾಲೆ ಮುಚ್ಚಿದಾಗ ಇದೇ ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಕಪ್ಪುಹಲಗೆಯನ್ನೇ ಪರದೆಗೆ ತಂದ ಆ ಪಾಠಗಳು ಆಪತ್ತಿಗೆ ಒದಗಿದವು, ಅದಕ್ಕಾಗಿ ಕೃತಜ್ಞತೆ ಇದೆ. ಅದೂ ಈ ಕಥೆ ಹೇಳುವ ಜಾಗವಲ್ಲ. ಪಾಠ ಒಂದು ಕಡೆ, ರಸಪ್ರಶ್ನೆ ಇನ್ನೊಂದು ಕಡೆ. ನಡುವೆ ಇರಬೇಕಾದದ್ದು, ಅಂದರೆ ಮಗು ಕೇಳಿದ ‘ಯಾಕೆ’ಗೆ ಕುಂಟೆಬಿಲ್ಲೆ ಆಡುವಷ್ಟು ಸಾವಕಾಶವಾಗಿ ಉತ್ತರಿಸುವಂಥದ್ದು, ಕನ್ನಡ ಟಿವಿಯಲ್ಲಿ ಬಾಳಲೇ ಇಲ್ಲ.

ಹಾಗಾಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಕುಸಿದಿಲ್ಲ. ನಾನು ತೂಗಿದ ಮಟ್ಟಿಗೆ ಟನ್ನಿಗೆ ಮೊದಲೆಷ್ಟು ಗ್ರಾಂ ಇತ್ತೋ ಈಗಲೂ ಅಷ್ಟೇ ಇದೆ. ತಪ್ಪಿದ್ದರೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೇ ಶಾಫ್ಟನ್ನು ತೋಡುತ್ತ, ಅದರಲ್ಲೇ ಎಲ್ಲ ಮಕ್ಕಳಿಗೂ ಆಗುವಷ್ಟು ಚಿನ್ನ ಬರಲಿ ಎಂದು ಕಾದ ನಮ್ಮದು. ಎರಡನೆಯ ಶಾಫ್ಟ್ ಇಳಿಸುವ ಮಾತೇ ಎತ್ತಲಿಲ್ಲ. ದೂರದರ್ಶನದವರು ಯಾರಾದರೂ ಈ ಮುದ್ರಿತ ಪ್ರತಿ ಓದಿದರೆ ಅವರಲ್ಲಿ ಒಂದು ಕೋರಿಕೆ: ವಾರಕ್ಕೆ ಅರ್ಧ ಗಂಟೆ ಕೊಡಿ, ಸ್ಟುಡಿಯೋ ಬೇಡ, ಕ್ಯಾಮೆರಾ ಹಿಡಿದು ಮಾರಿಕುಪ್ಪಂ ಗಾಡಿ ಹತ್ತಿ ಬನ್ನಿ. ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬದ ಮೇಲೆ ನಿಂತು, ಮೂರು ಕೋಟಿ ಟನ್ನಿಗೂ ಮೀರಿದ ಈ ಬೂದು ಮಣ್ಣಿನಲ್ಲಿ ಇನ್ನೂ ಚಿನ್ನ ಹೇಗೆ ಉಳಿದಿದೆ ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಬಲ್ಲವರೊಬ್ಬರು ಅವಸರ ಮಾಡದೆ ಉತ್ತರ ಹೇಳಲಿ. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಯಾಕೆ ತಂತಿ ಎಳೆದು ಕರೆಂಟು ತಂದರು ಎಂಬುದಕ್ಕೆ ಇನ್ನೊಂದು ವಾರ.

ಆ ಹುಡುಗಿ ಹೆಸರು ಓದಿಕೊಂಡ ಪುಸ್ತಕ ನಮ್ಮೂರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಅದೃಷ್ಟಕ್ಕೆ ನನ್ನ ಬೀರುವಿನಲ್ಲಿ ಒಂದು ಪ್ರತಿ ಇತ್ತು. ಓದಿ ಕೊಡಮ್ಮ ಎಂದು ಕೊಟ್ಟೆ. ರಜೆ ಮುಗಿದು ಅವಳು ಆಂಡರ್ಸನ್‌ಪೇಟೆಗೆ ಹೋಗಿ ಎಂಟನೇ ಕ್ಲಾಸು ಸೇರಿದ್ದಾಳೆ. ಪುಸ್ತಕ ಇನ್ನೂ ವಾಪಸು ಬಂದಿಲ್ಲ.